ಒರೆಗೆ ಕಟ್ಟಿದ್ದು, ಸೊಂಟಕ್ಕೆ ಕಟ್ಟಿದ್ದು

1/8

ಮೊನ್ನೆ ಸ್ಟೋರಿಗೆ ಆ ಹಳೇ ಚಾಕು ಫೋಟೋ ಹಾಕಿದ್ದೇ ತಪ್ಪಾಯ್ತು ನೋಡಿ. ಇಪ್ಪತ್ತಕ್ಕೂ ಹೆಚ್ಚು ಜನ ಒಂದೇ ಪ್ರಶ್ನೆ ಕೇಳಿದೀರಿ: "ಬ್ರೋ, ಒರೆಗೆ ಏನೇನು ಕಟ್ಟಿದೀಯಾ, ಲಿಸ್ಟ್ ಕೊಡು." ಕ್ಲಾಸಿನವರು ಬೇರೆ ಪ್ರಶ್ನೆ ಕೇಳಿದ್ರು: "ಅದು ಕಳೆದುಹೋಗಿತ್ತಲ್ಲ, ಮತ್ತೆ ಹೇಗೆ ಬಂತು?" ಎರಡಕ್ಕೂ ಉತ್ತರ ಒಂದೇ ಕಥೆಯಲ್ಲಿದೆ. ಒಂದು ಕ್ಯಾಪ್ಷನ್ನಿಗೆ ಹಿಡಿಯಲ್ಲ, ಅದಕ್ಕೇ ಎಂಟು ಪೋಸ್ಟ್. ಓದೋ ತಾಳ್ಮೆ ಇಲ್ಲದವರು ಫೋಟೋ ಮಾತ್ರ ನೋಡಿ ಲೈಕ್ ಒತ್ತಿ ಹೋಗಿ, ಬೇಜಾರಿಲ್ಲ.

ಮೊದಲು ಲಿಸ್ಟ್ ಕೊಟ್ಟುಬಿಡ್ತೀನಿ. ನಾಲ್ಕು ಇಂಚಿನ ಅಲಗಿನ ಚಾಕು, ಅದಕ್ಕೆ ಕೈಡೆಕ್ಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಒರೆ. ಒರೆಯ ಪಕ್ಕದಲ್ಲಿ ಕಿಡಿ ಹಾರಿಸೋ ಫೆರೋ ರಾಡ್. ಹಿಂಬದಿಗೆ ಬೆರಳುದ್ದದ ಸಾಣೆ ಪಟ್ಟಿ. ಒರೆಯ ಸುತ್ತ ಮೂರು ಮೀಟರ್ ಪ್ಯಾರಾಕಾರ್ಡ್. ಅದರ ಮೇಲೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿದ ರಬ್ಬರ್ ಬಳೆಗಳು, ಬಳೆಗಳ ಸಂದಿಯಲ್ಲಿ ಪುಟ್ಟ ಟಾರ್ಚ್. ಕೆಳತುದಿಗೆ ಸೀಟಿ. ಇಷ್ಟೂ ಸಾಲದು ಅಂತ ಮುಂದೆ ಒಂದು ಚೀಲ: ಬ್ಯಾಂಡೇಜ್, ಟೇಪ್ ಸುರುಳಿ, ಸೂಜಿ-ದಾರ, ಮೀನಿನ ಗಾಳ, ನೀರು ಶುದ್ಧ ಮಾಡೋ ಮಾತ್ರೆ. ಗಾಳ ಯಾಕೆ ಅಂತ ಕೇಳ್ಬೇಡಿ. ನಾನು ಜೀವಮಾನದಲ್ಲಿ ಒಂದು ಮೀನೂ ಹಿಡಿದಿಲ್ಲ, ನಮ್ಮನೇಲಿ ತಿನ್ನೋದೂ ಇಲ್ಲ. ಯೂಟ್ಯೂಬಿನವರು ಇಟ್ಕೊಂಡಿದ್ರು, ನಾನೂ ಇಟ್ಕೊಂಡೆ.

ಅಮ್ಮನ ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಬರೀ ಚಾಕು, ಒರೆ ಸೇರಿ 210 ಗ್ರಾಂ. ಎಲ್ಲಾ ಕಟ್ಟಿದ ಮೇಲೆ 540.

2/8

ಇದು ನಾನು ಕಂಡುಹಿಡಿದ ಹುಚ್ಚಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಒರೆಯಲ್ಲಿ ಚಾಕುವಿನ ಜೊತೆ ಇನ್ನೇನಾದ್ರೂ ಹೊರೋದು ಬಹಳ ಹಳೇ ಬುದ್ಧಿ. ನೇಪಾಳದ ಖುಕುರಿ ನೋಡಿದೀರಲ್ಲ? ಅದರ ಒರೆಯ ಬೆನ್ನಲ್ಲಿ ಎರಡು ಸಣ್ಣ ಸಾಮಾನು ಸಿಕ್ಕಿಸಿರ್ತಾರೆ. ಒಂದು ಕರ್ದಾ, ಅಂದ್ರೆ ಸಣ್ಣಪುಟ್ಟ ಕೆಲಸಕ್ಕೆ ಪುಟಾಣಿ ಚಾಕು. ಇನ್ನೊಂದು ಚಕ್‌ಮಕ್, ಹರಿತ ಇಲ್ಲದ ಉಕ್ಕಿನ ತುಂಡು. ಖುಕುರಿಯ ಬಾಯಿ ನೇರ ಮಾಡೋಕೂ ಅದೇ, ಕಲ್ಲಿಗೆ ಹೊಡೆದು ಕಿಡಿ ತೆಗೆಯೋಕೂ ಅದೇ. ಹೆಸರು ಕೇಳಿದ ಹಾಗಿದೆ ಅನ್ಸುತ್ತಾ? ನಮ್ಮ ಚಕಮಕಿ ಕಲ್ಲು, ಮಾತಿನ ಚಕಮಕಿ, ಎಲ್ಲಾ ಅದೇ ಕುಟುಂಬದ್ದು.

ಜಪಾನಿನ ಕತ್ತಿಯ ಒರೆಯಲ್ಲಿ ಕೊಜುಕಾ ಅನ್ನೋ ಕಿರುಚಾಕು, ಕೂದಲು ಸರಿಮಾಡೋ ಕೊಗಾಯ್ ಅನ್ನೋ ಕಡ್ಡಿ. ಸ್ಕಾಟ್ಲೆಂಡಿನವರ ಡರ್ಕ್ ಒರೆಯಲ್ಲಿ ಊಟಕ್ಕೆ ಚಾಕು-ಫೋರ್ಕ್! ದೂರ ಯಾಕೆ, ನಮ್ಮ ಕೊಡಗಿನ ಪೀಚೆಕತ್ತಿ ತಗೊಳ್ಳಿ. ಕುಪ್ಯದ ಮೇಲೆ ಕಟ್ಟೋ ಕೆಂಪು ಚೇಲೆಗೆ ಸಿಕ್ಕಿಸೋ ಅದರ ಬೆಳ್ಳಿ ಕಟ್ಟಿನ ಒರೆಗೆ ಸರಪಳಿ ಇರುತ್ತೆ. ಹಳೇ ಪೀಚೆಕತ್ತಿಗಳಲ್ಲಿ ಆ ಸರಪಳಿ ತುದಿಗೆ ಕಿವಿ ಗುಗ್ಗೆ ತೆಗೆಯೋ ಕಡ್ಡಿ, ಚಿಮಟ, ಉಗುರು ಕೆರೆಯೋ ಕಡ್ಡಿ ಜೋತಾಡ್ತಿರುತ್ವೆ. ಮದುವೆ ದಿಬ್ಬಣದ ಗಾಂಭೀರ್ಯ ನೋಡಿ, ಸೊಂಟದಲ್ಲಿ ನೋಡಿದ್ರೆ ಕಿವಿ ಕಡ್ಡಿ. ನನಗಂತೂ ತುಂಬಾ ಇಷ್ಟವಾದ ವಿವರ ಅದು.

ಹಿಂದಿನ ತರ್ಕ ಸುಲಭ. ಬ್ಯಾಗನ್ನ ಕೆಳಗಿಡ್ತೀವಿ, ಮರೀತೀವಿ, ಹೊಳೇಲಿ ಬೀಳಿಸ್ತೀವಿ. ಸೊಂಟದ ಚಾಕು ಮಾತ್ರ ಮೈಗೇ ಅಂಟಿಕೊಂಡಿರುತ್ತೆ. ಹಾಗಾಗಿ ಜೀವ ಉಳಿಸೋ ನಾಲ್ಕು ಸಾಮಾನು ಅದಕ್ಕೇ ಕಟ್ಟಿದ್ರೆ ಅವೂ ಮೈಗೇ ಅಂಟಿರುತ್ವೆ. ಓದಿದಾಗ ನನಗೆ ಎಷ್ಟು ಸರಿ ಅನ್ನಿಸ್ತು ಅಂದ್ರೆ, ಆ "ಅಂಟಿರುತ್ತೆ" ಅನ್ನೋ ಪದವನ್ನ ಪರೀಕ್ಷೆ ಮಾಡಬೇಕು ಅಂತಲೇ ಹೊಳೀಲಿಲ್ಲ.

3/8

ಇದು ಅಜ್ಜನ ಸೊಂಟದ ಫೋಟೋ. ಮುಖ ಬೇಡ ಅಂದ್ರು, ಅದಕ್ಕೆ ಸೊಂಟ ಮಾತ್ರ.

ನಮ್ಮದು ಶಿರಸಿ ಕಡೆ ಅಡಿಕೆ ತೋಟ, ಹಿಂದುಗಡೆ ಸೊಪ್ಪಿನ ಬೆಟ್ಟ. ಅಜ್ಜ ಬೆಟ್ಟಕ್ಕೆ ಹೊರಟ್ರೆ ಸೊಂಟಕ್ಕೆ ಒಂದು ಹಗ್ಗ ಸುತ್ಕೊಳ್ತಾರೆ, ಹಗ್ಗದ ಹಿಂಬದಿಗೆ ಮರದ ಕೊಕ್ಕೆ, ಕೊಕ್ಕೆಗೆ ಕತ್ತಿ. ಅಷ್ಟೇ. ಒರೆ ಅನ್ನೋದೇ ಇಲ್ಲ. ಕತ್ತಿ ಬೆನ್ನ ಹಿಂದೆ ತೂಗ್ತಾ ಇರುತ್ತೆ, ಮರ ಹತ್ತಿದ್ರೂ ಬೀಳಲ್ಲ, ಕೂತ್ರೂ ಚುಚ್ಚಲ್ಲ. ಎಪ್ಪತ್ತೆಂಟು ವರ್ಷದ ಮನುಷ್ಯ ಬಗ್ಗಿ ಎದ್ದು ಮಾಡ್ತಾನೇ ಇರ್ತಾರೆ, ಆ ಕತ್ತಿಯ ಕಡೆ ಕೈ ಹೋಗೋದು ಬೇಕಾದಾಗ ಮಾತ್ರ.

ನನ್ನ ಕೈಡೆಕ್ಸ್ ಅವತಾರ ನೋಡಿ ಅಜ್ಜ ಮೊದಲು ಹೇಳಿದ್ದು: "ಎಂತಾ ಮಾರಾಯಾ ಇದು, ಎತ್ತಿಗೆ ಗೆಜ್ಜೆ ಕಟ್ಟಿದ ಹಾಂಗಿದ್ದು."

ನಿಜವಾಗಿಯೂ ಸದ್ದು ಬರ್ತಿತ್ತು. ಫೆರೋ ರಾಡ್ ಒರೆಗೆ ಬಡಿಯೋದು, ಸೀಟಿ ಬಕಲ್ಲಿಗೆ ಬಡಿಯೋದು. ನಡೆದ್ರೆ ಟಿಕ್ ಟಿಕ್. ನಾನು ಅದನ್ನೇ ರೀಲ್ ಮಾಡಿ ಹಿಂದೆ ಮ್ಯೂಸಿಕ್ ಹಾಕಿದ್ದೆ. ನಿಮ್ಮಲ್ಲಿ ಕೆಲವರು ಫಾಲೋ ಮಾಡಿದ್ದೇ ಆ ರೀಲ್ ನೋಡಿ. ಅದಕ್ಕೇ ಉಳಿದಿದ್ದನ್ನೂ ಹೇಳೋ ಸಾಲ ಇದೆ ಅನ್ಕೊಳ್ತೀನಿ.

4/8

ಹೋದ ಅಕ್ಟೋಬರ್, ದಸರಾ ರಜೆ. ಗೆಳೆಯನೊಬ್ಬ ಊರಿಗೆ ಬಂದಿದ್ದ (ಹೆಸರು ಹಾಕ್ಬೇಡ ಅಂದಿದ್ದಾನೆ, ಕ್ಲಾಸಿನವರಿಗೆ ಹೇಗೂ ಗೊತ್ತು). ನಮ್ಮ ಬೆಟ್ಟ ದಾಟಿ ಹಿಂದೆ ಒಂದು ಹಳ್ಳ ಇದೆ, ಮಳೆ ನಿಂತ ಹೊಸತರಲ್ಲಿ ಚಂದ ಧುಮುಕುತ್ತೆ. ಮಧ್ಯಾಹ್ನ ಎರಡೂವರೆಗೆ ಹೊರಟ್ವಿ. ಸಂಜೆ ಕಾಫಿಗೆ ವಾಪಸ್ ಬರ್ತೀವಿ ಅಂತ ಅಮ್ಮಂಗೆ ಹೇಳಿದ್ದೆ.

ಹಳ್ಳದ ಹತ್ತಿರ ಬಂಡೆ ಮೇಲೆ ಕೂತ್ವಿ. ಕೂತಾಗ ಒರೆಯ ಮೇಲ್ತುದಿ ಪಕ್ಕೆಗೆ ಒತ್ತುತ್ತೆ, ಕೆಳಗಿನ ಚೀಲ ತೊಡೆಗೆ ಒತ್ತುತ್ತೆ. ಅರ್ಧ ಕೇಜಿ ಸಾಮಾನು ಒಂದೇ ಕಡೆ ಜೋತುಬಿದ್ರೆ ಬೆಲ್ಟೂ ಜಾರುತ್ತೆ, ಪ್ಯಾಂಟೂ ಜಾರುತ್ತೆ. ಅದಕ್ಕೆ ಏನ್ ಮಾಡಿದೆ? ಕ್ಲಿಪ್ ಎಳೆದು ಒರೆ ಸಮೇತ ಬಿಚ್ಚಿ ಪಕ್ಕದಲ್ಲಿ ಇಟ್ಟೆ. ಬರೀ ಚಾಕು ಇದ್ದಾಗ ಒಂದು ಸಲವೂ ಬಿಚ್ಚಿದ್ದಿಲ್ಲ, ನೆನಪಿಟ್ಕೊಳ್ಳಿ. 210 ಗ್ರಾಮಿದ್ದಾಗ ಅದು ಮೈಗೆ ಅಂಟಿತ್ತು. 540 ಆದಾಗ ಅದೂ ಒಂದು ಬ್ಯಾಗೇ ಆಯ್ತು, ಕೆಳಗಿಡೋ ಬ್ಯಾಗು.

ಆಮೇಲೆ ಉಂಬಳ. ಕಾಲ್ಬೆರಳ ಸಂದೀಲಿ ಎರಡು, ಅವನ ಮೊಣಕಾಲ ಹಿಂದೆ ಒಂದು. ಅವನು ಬೆಂಗಳೂರಿನವನು, ಕೂಗಾಡಿದ, ನಾನು ನಕ್ಕೆ, ಇಬ್ಬರೂ ಎದ್ದು ಒದರಿಕೊಂಡು, ಇನ್ನು ಇಲ್ಲಿ ಕೂರೋದು ಬೇಡ ಅಂತ ಹೊರಟೇಬಿಟ್ವಿ. ಆಗ ಐದೂಕಾಲು.

ಇಪ್ಪತ್ತು ನಿಮಿಷ ನಡೆದಿರಬೇಕು. ಇಳಿಜಾರಲ್ಲಿ ಪಾಚಿ ಕಟ್ಟಿದ ಕಲ್ಲು. ಅವನ ಎಡಗಾಲು ಜಾರಿ ಎರಡು ಕಲ್ಲಿನ ಮಧ್ಯ ಸಿಕ್ತು, ಮೈ ಮುಂದಕ್ಕೆ ಹೋಯ್ತು. ಸದ್ದು ನನಗೂ ಕೇಳಿಸ್ತು. ಅದರ ಬಗ್ಗೆ ಹೆಚ್ಚು ಬರೆಯಲ್ಲ.

ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯ್ತು. ಖಾಲಿ.

5/8

ಈ ಭಾಗ ಬರೆಯೋಕೆ ಒಂದು ವರ್ಷ ಬೇಕಾಯ್ತು.

ಲೆಕ್ಕ ಹಾಕಿ ನೋಡಿ. ಟಾರ್ಚ್ ಬಂಡೆ ಮೇಲೆ. ಸೀಟಿ ಬಂಡೆ ಮೇಲೆ. ಕಾಲಿಗೆ ಕಟ್ಟೋಕೆ ಬೇಕಾದ ಟೇಪು, ಹಗ್ಗ, ಬ್ಯಾಂಡೇಜು ಎಲ್ಲಾ ಬಂಡೆ ಮೇಲೆ. ಫೋನಿಗೆ ಸಿಗ್ನಲ್ ಇಲ್ಲ, ವಿಡಿಯೋ ತೆಗೆದೂ ತೆಗೆದೂ ಒಂಬತ್ತು ಪರ್ಸೆಂಟ್ ಚಾರ್ಜು. ಅವನ ಫೋನ್ ನಮ್ಮ ಮನೇಲಿ ಚಾರ್ಜಿಗಿತ್ತು. ಅಕ್ಟೋಬರಲ್ಲಿ ಆರೂಕಾಲರ ಸುಮಾರಿಗೆ ಸೂರ್ಯ ಮುಳುಗ್ತಾನೆ, ಕಾಡಿನೊಳಗೆ ಅದಕ್ಕೂ ಮುಂಚೆಯೇ ಕತ್ತಲು.

ಮನೆ ಕಡೆ ಮುಕ್ಕಾಲು ಗಂಟೆ ದಾರಿ, ನಾನೊಬ್ಬನೇ ಓಡಿದ್ರೆ ಅರ್ಧ ಗಂಟೆ. ದಾರಿ ನನಗೆ ಕಣ್ಣು ಮುಚ್ಚಿದ್ರೂ ಗೊತ್ತು. ಹಳ್ಳದ ಕಡೆ ಇಪ್ಪತ್ತು ನಿಮಿಷ, ಮತ್ತೆ ವಾಪಸ್ ಇಪ್ಪತ್ತು. ಯಾವುದು ಸರಿ ಅಂತ ನಿಮಗೆ ಓದ್ತಾ ಓದ್ತಾನೇ ಗೊತ್ತಾಯ್ತಲ್ಲ? ಮನೆಗೆ ಓಡ್ಬೇಕು, ಜನ ಕರ್ಕೊಂಡು ಬರ್ಬೇಕು.

ನಾನು ಹಳ್ಳದ ಕಡೆ ಓಡಿದೆ.

ಅವನಿಗೆ ಹೇಳಿದ್ದು "ಟಾರ್ಚ್ ತರ್ತೀನಿ, ಹಗ್ಗ ತರ್ತೀನಿ, ಇಲ್ಲೇ ಇರು" ಅಂತ. ಸುಳ್ಳಲ್ಲ. ಆದ್ರೆ ಓಡುವಾಗ ತಲೇಲಿದ್ದದ್ದು ಟಾರ್ಚಲ್ಲ. ಮೂರು ಸಾವಿರದ ಚಾಕು. ಎರಡು ತಿಂಗಳ ಪಾಕೆಟ್ ಮನಿ. ಅಪ್ಪನಿಗೆ ಏನು ಹೇಳೋದು. ರೀಲ್ ಕೆಳಗೆ ಜನ ಏನು ಹೇಳ್ತಾರೆ. ಕಾಲು ಮುರಿದ ಗೆಳೆಯನ್ನ ಕತ್ತಲಾಗೋ ಕಾಡಲ್ಲಿ ಒಬ್ಬನೇ ಬಿಟ್ಟು, ನಾನು ಒಂದು ವಸ್ತುವಿನ ಹಿಂದೆ ಓಡಿದೆ. ಇದನ್ನ ಯಾರಿಗೂ ಹೇಳಿರಲಿಲ್ಲ.

ಸಿಕ್ತಾ? ಇಲ್ಲ. ಅರೆಬೆಳಕಲ್ಲಿ ಎಲ್ಲಾ ಬಂಡೆಯೂ ಒಂದೇ ಥರ. ಒರೆ ಕಪ್ಪು, ಹಗ್ಗ ಕಡು ಹಸಿರು. ನೋಡೋಕೆ ಸ್ಟೈಲಾಗಿರ್ಲಿ ಅಂತ ಆರಿಸಿದ ಬಣ್ಣ, ಕಾಡಲ್ಲಿ ಕಾಣಬಾರದು ಅಂತಲೇ ಮಾಡಿದ ಬಣ್ಣ. ಕೈಯಲ್ಲಿ ತಡಕಾಡಿದೆ. ವಾಪಸ್ ಬರುವಾಗ ದಾರಿ ತಪ್ಪಿತು, ಹುಟ್ಟಿ ಬೆಳೆದ ಬೆಟ್ಟದಲ್ಲಿ. ಎಷ್ಟು ಹೊತ್ತೋ ಗೊತ್ತಿಲ್ಲ. ಅವನ ಹೆಸರು ಕೂಗ್ತಿದ್ದೆ, ನನ್ನ ದನಿ ನನಗೇ ಹೆದರಿಕೆ ಆಗ್ತಿತ್ತು.

ಆಮೇಲೆ ಕೇಳಿಸ್ತು. ಟಂಗ್, ಟಂಗ್, ಟಂಗ್. ನಿಲ್ತು. ಮತ್ತೆ ಮೂರು ಸಲ. ಅವನು ತನ್ನ ಸ್ಟೀಲ್ ನೀರಿನ ಬಾಟಲಿಗೆ ಕಲ್ಲಿನಿಂದ ಹೊಡೀತಿದ್ದ. ಮೂರು ಸಲ ಸದ್ದು, ಸ್ವಲ್ಪ ಬಿಡುವು, ಮತ್ತೆ ಮೂರು ಅಂದ್ರೆ ಅಪಾಯದಲ್ಲಿದೀನಿ ಅಂತ, ಸೀಟಿ ಊದೋರಿಗೆ ಕಲಿಸೋ ಪಾಠ. ಅವನಿಗೆ ಅದನ್ನ ಹೇಳಿಕೊಟ್ಟೋನು ನಾನೇ, ಅವತ್ತು ಮಧ್ಯಾಹ್ನ, ಒರೆಯ ಸೀಟಿ ತೋರಿಸಿ ಜಂಬ ಕೊಚ್ಚುವಾಗ.

6/8

ಅದೇ ಸದ್ದಿಗೆ ಅಜ್ಜ, ಅಪ್ಪ, ಪಕ್ಕದ ಮನೆಯವರು ಬಂದ್ರು. ಕಾಫಿ ಹೊತ್ತು ಮೀರಿತು ಅಂತ ಅಮ್ಮ ಓಡಿಸಿದ್ರಂತೆ.

ಅಜ್ಜ ಒಂದು ಮಾತೂ ಬೈಲಿಲ್ಲ. ಕೊಕ್ಕೆಯಿಂದ ಕತ್ತಿ ತೆಗೆದು ಎರಡು ಕೋಲು ಕಡಿದ್ರು. ತಲೆಯ ಟವೆಲ್ ಬಿಚ್ಚಿ ಕಾಲಿಗೆ ಮೆತ್ತಗೆ ಸುತ್ತಿದ್ರು, ಎರಡೂ ಬದಿ ಕೋಲಿಟ್ರು. ಕಟ್ಟೋಕೆ ಏನು ಅಂತ ನಾನು ನೋಡ್ತಿದ್ದೆ. ಸೊಂಟದ ಹಗ್ಗವನ್ನೇ ಬಿಚ್ಚಿದ್ರು. ಕತ್ತಿಯನ್ನ ಪಕ್ಕದಮನೆಯವರ ಕೈಗೆ ಕೊಟ್ರು.

ನನಗೆ ಆವಾಗ ಕಂಡಿದ್ದು ಇದು. ಅಜ್ಜನ ಹತ್ತಿರವೂ "ಎಕ್ಸ್ಟ್ರಾ ಗೇರ್" ಇತ್ತು. ಹಗ್ಗ ಸೊಂಟದ್ದು. ಬೆಂಕಿಪೊಟ್ಟಣ ಪ್ಲಾಸ್ಟಿಕ್ಕಲ್ಲಿ ಸುತ್ತಿ ಹಾಳೆ ಟೋಪಿಯ ಒಳಗೆ. ಉಂಬಳಕ್ಕೆ ಹಚ್ಚೋ ಸುಣ್ಣದ ಡಬ್ಬಿ ಪಂಚೆಯ ಮಡಿಕೆಯಲ್ಲಿ, ಎಲೆ-ಅಡಿಕೆ ಜೊತೆ. ಟಾರ್ಚ್ ಅಪ್ಪನ ಕೈಲಿ. ಕತ್ತಿಗೆ ಮಾತ್ರ ಏನೂ ಕಟ್ಟಿರಲಿಲ್ಲ. ಕತ್ತಿ ಹಳ್ಳಕ್ಕೆ ಬಿದ್ರೂ ಬೆಂಕಿ ಇರ್ತಿತ್ತು, ಟೋಪಿ ಗಾಳಿಗೆ ಹಾರಿದ್ರೂ ಹಗ್ಗ ಇರ್ತಿತ್ತು. ನಾನೋ, ಒಂದು ಕ್ಲಿಪ್ಪಿಗೆ ಎಲ್ಲವನ್ನೂ ನೇತುಹಾಕಿದ್ದೆ.

ಅವನನ್ನ ಸರದಿ ಮೇಲೆ ಬೆನ್ನಲ್ಲಿ ಹೊತ್ಕೊಂಡು ಬಂದ್ವಿ. ಎಂಬತ್ತಕ್ಕೆ ಬಂದ ಅಜ್ಜ "ನಂಗೂ ಒಂದ್ ಸರ್ತಿ ಕೊಡಿ" ಅಂದಾಗ ಅಪ್ಪ ಗದರಿದ್ರು. ಆಸ್ಪತ್ರೇಲಿ ಎಕ್ಸ್‌ರೇ ತೆಗೆದ್ರು: ಹೊರಗಣ್ಣಿನ ಮೂಳೆ ಬಿರುಕು, ಆರು ವಾರ ಪ್ಲಾಸ್ಟರ್. ಅಂತರ ಕಾಲೇಜು ವಾಲಿಬಾಲ್ ಅವನಿಗೆ ತಪ್ಪಿಹೋಯ್ತು. ತಂಡ ಸೆಮಿಫೈನಲ್ ತನಕ ಹೋಯ್ತು, ನೆನಪಿದೆಯಲ್ಲ? ಅವನು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ.

7/8

ಸರಿ, ಈಗ ಲಿಸ್ಟ್ ಕೇಳಿದವರಿಗೆ. ಗೇರ್ ಬೇಡ ಅಂತ ನಾನು ಹೇಳಲ್ಲ, ನನಗಿನ್ನೂ ಆ ಹುಚ್ಚಿದೆ. ಆದ್ರೆ ಕಟ್ಟೋ ಮುಂಚೆ ಸ್ವಲ್ಪ ಕೇಳಿಸ್ಕೊಳ್ಳಿ.

ಫೆರೋ ರಾಡ್ ಒರೆಯ ಮೇಲೆ ಇರೋದಕ್ಕೆ ಒಂದು ನ್ಯಾಯ ಇದೆ, ಯಾಕಂದ್ರೆ ಅದನ್ನ ಕೆರೆಯೋಕೆ ಚಾಕು ಬೇಕು. ಕಬ್ಬಿಣ, ಸೀರಿಯಂ ಎಲ್ಲಾ ಸೇರಿಸಿ ಮಾಡಿದ ಈ ಮಿಶ್ರಲೋಹ ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಪೇಟೆಂಟ್ ಪಡೆದದ್ದು. ನಿಮ್ಮ ಲೈಟರಿನೊಳಗಿನ "ಕಲ್ಲು" ಕೂಡ ಅದೇ. ಒದ್ದೆಯಾದ್ರೂ ಕಿಡಿ ಕೊಡುತ್ತೆ. ಆದ್ರೆ ಕಿಡಿ ಬೇರೆ, ಬೆಂಕಿ ಬೇರೆ. ಮಲೆನಾಡಿನ ಅಕ್ಟೋಬರಲ್ಲಿ ಒಣ ನಾರು ಎಲ್ಲಿಂದ ತರ್ತೀರಿ? ಕೆರೆಯುವಾಗ ಅಲಗಿನ ಬೆನ್ನಿನಿಂದ ಕೆರೀರಿ, ಬಾಯಿಂದಲ್ಲ. ನಾನು ಮೊದಲ ವಾರದಲ್ಲೇ ಬಾಯಿ ಹಾಳು ಮಾಡ್ಕೊಂಡಿದ್ದೆ.

550 ಪ್ಯಾರಾಕಾರ್ಡ್ ಅಂದ್ರೆ 550 ಪೌಂಡ್, ಸುಮಾರು 250 ಕೇಜಿ ತಡೆಯುತ್ತೆ ಅಂತ. ಒಳಗೆ ಸಾಮಾನ್ಯವಾಗಿ ಏಳು ಎಳೆ, ಬಿಡಿಸಿ ದಾರವಾಗಿ ಬಳಸಬಹುದು. ಆದ್ರೆ ಅದು ಹತ್ತೋ ಹಗ್ಗ ಅಲ್ಲ, ಮನುಷ್ಯ ಜಾರಿ ಬಿದ್ದಾಗಿನ ಎಳೆತ ತಡೆಯಲ್ಲ. ಒರೆಗೆ ಚಂದಕ್ಕೆ ಹೆಣೆದು ಸುತ್ತಿದ್ದನ್ನ ಬಿಚ್ಚೋಕೆ ನನಗೆ ಮನೇಲಿ ಕೂತೇ ಏಳು ನಿಮಿಷ ಬೇಕಾಯ್ತು. ನಡುಗೋ ಕೈಗೆ ಎಷ್ಟು ಬೇಕೋ.

ಚರ್ಮದ ಒರೆ ಮಳೆನಾಡಿಗಲ್ಲ. ನೀರು ಹೀರಿ ಹಿಡ್ಕೊಳ್ಳುತ್ತೆ, ಒಳಗೆ ಉಕ್ಕು ತುಕ್ಕು, ಹೊರಗೆ ಬೂಸಲು. ಒರೆಯನ್ನ ಕುತ್ತಿಗೆಗೆ ನೇತುಹಾಕೋದು ಬೇಡವೇ ಬೇಡ, ಕೊಂಬೆಗೆ ಸಿಕ್ಕಿದ್ರೆ ಕುತ್ತಿಗೆಗೇ ಉರುಳು.

ಮತ್ತೆ ಕಾನೂನು. ಇದು ಮುಖ್ಯ, ಸ್ಕಿಪ್ ಮಾಡ್ಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ತಗೊಂಡು ಹೋಗೋ ಹಾಗಿಲ್ಲ, ಮತ್ತು ಆ ಕಾಯ್ದೆ "ಆಯುಧ" ಅನ್ನೋದರಲ್ಲಿ ಚಾಕುವೂ ಸೇರಿದೆ, ಕೊಕ್ಕೆಯೂ ಸೇರಿದೆ. ಕುಮಾರಪರ್ವತ ಪುಷ್ಪಗಿರಿ ಅಭಯಾರಣ್ಯದಲ್ಲಿದೆ, ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಲ್ಲಿ ನಿಮ್ಮ ಸರ್ವೈವಲ್ ಒರೆ ಸೊಂಟದಲ್ಲಿದ್ರೆ ಗೇಟಿನಲ್ಲೇ ನಿಲ್ಸ್ತಾರೆ, ನಿಲ್ಸಬೇಕಾದ್ದೇ. ಕಾಡಿಗೆ ಅಪಾಯ ಆಗೋ ಹಾಗೆ ಬೆಂಕಿ ಹಚ್ಚೋದೂ ಅಪರಾಧ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದು ಮರೆತಿಲ್ಲ ತಾನೇ? ಆಗ ಎಂಟು ದಿನ ಸ್ಟೇಟಸ್ ಹಾಕಿದವರು ಆಮೇಲೆ ಟ್ರೆಕ್ಕಲ್ಲಿ ಕ್ಯಾಂಪ್‌ಫೈರ್ ಹಚ್ಚಿದ್ದನ್ನೂ ನೋಡಿದೀನಿ. ಇನ್ನು ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇದ್ದು, ಮನೆ-ಕೃಷಿ ಕೆಲಸದ್ದಲ್ಲದಿದ್ರೆ ಅದು ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಬರುತ್ತೆ. ಅಜ್ಜನ ಕತ್ತಿ ಅವರದೇ ತೋಟ-ಬೆಟ್ಟದಲ್ಲಿ ಕೃಷಿ ಸಾಮಾನು. ಅದೇ ಕತ್ತಿ ನನ್ನ ಸೊಂಟದಲ್ಲಿ ಬಸ್ ಸ್ಟ್ಯಾಂಡಿಗೆ ಬಂದ್ರೆ ಪೊಲೀಸರು ಬೇರೆ ಥರ ನೋಡ್ತಾರೆ.

ನಾನೀಗ ಇಟ್ಕೊಳ್ಳೋದು: ನಮ್ಮ ಬೆಟ್ಟಕ್ಕೆ ಹೋದ್ರೆ ಮಾತ್ರ ಚಾಕು, ಒರೆಗೆ ಫೆರೋ ರಾಡ್ ಒಂದೇ. ಸೀಟಿ ಅಂಗಿಯ ಗುಂಡಿಗೆ, ಕಿತ್ತಳೆ ಬಣ್ಣದ್ದು. ಟಾರ್ಚ್ ಪ್ಯಾಂಟ್ ಜೇಬಲ್ಲಿ. ಬ್ಯಾಂಡೇಜು, ಟೇಪು ಬ್ಯಾಗಲ್ಲಿ, ಮತ್ತೆ ಅದರದ್ದೇ ಒಂದು ಸಣ್ಣ ಪೊಟ್ಟಣ ಜೊತೆಗೆ ಬರೋರ ಬ್ಯಾಗಲ್ಲಿ. ಎದ್ದ ಜಾಗವನ್ನ ತಿರುಗಿ ಒಂದು ಸಲ ನೋಡೋದು. ಗಾಳ ತಮ್ಮನಿಗೆ ಕೊಟ್ಟೆ, ಅವನು ಅದರಲ್ಲಿ ಪರದೆ ಸಿಕ್ಕಿಸಿದ್ದಾನೆ.

8/8

ಕೊನೇ ಫೋಟೋ. ಸೊಪ್ಪು ಕಡಿಯೋಕೆ ಬಂದವರಿಗೆ ಡಿಸೆಂಬರಲ್ಲಿ ಸಿಕ್ಕಿದ್ದು. ಬಂಡೆಯಿಂದ ಜಾರಿ ಕೆಳಗೆ ತರಗೆಲೆಯೊಳಗೆ ಬಿದ್ದಿತ್ತಂತೆ. ನಾನು ಅವತ್ತು ತಡಕಾಡಿದ ಜಾಗದಿಂದ ಎರಡು ಮಾರು. ಕೈಡೆಕ್ಸಿಗೆ ಏನೂ ಆಗಿಲ್ಲ. ಅಲಗಿಗೆ ತುಕ್ಕು, ಟಾರ್ಚ್ ಸತ್ತಿದೆ, ಬ್ಯಾಂಡೇಜಿನ ಚೀಲದಲ್ಲಿ ಇರುವೆ ಮೊಟ್ಟೆ ಇಟ್ಟಿತ್ತು. ಸೀಟಿ ಮಾತ್ರ ತೊಳೆದು ಊದಿದ್ರೆ ಸರಿಯಾಗಿ ಕೂಗ್ತು, ಅಂಗಳದಲ್ಲಿ ಊದಿದ್ದಕ್ಕೆ ನಾಯಿ ಬೊಗಳಿತು.

ಇಷ್ಟನ್ನೂ ಪೋಸ್ಟ್ ಮಾಡೋ ಮುಂಚೆ ನಿನ್ನೆ ರಾತ್ರಿ ಅವನಿಗೆ ಕಳಿಸಿದೆ. ಐದನೇ ಭಾಗ ಓದಿ ಏನಂತಾನೋ ಅಂತ ಹೊಟ್ಟೆಯಲ್ಲಿ ಕಲಸಿದ ಹಾಗಿತ್ತು. ಬ್ಲೂ ಟಿಕ್ ಬಂದು ಹತ್ತು ನಿಮಿಷ ಸದ್ದಿಲ್ಲ. ಆಮೇಲೆ ವಾಯ್ಸ್ ನೋಟ್ ಬಂತು.

"ಗೊತ್ತಿತ್ತು ಕಣೋ. ಓಡುವಾಗ ನೀನು ಟಾರ್ಚ್ ಅನ್ಲಿಲ್ಲ. 'ಅಯ್ಯೋ ನನ್ನ ಚಾಕು' ಅಂತ ಕೂಗ್ಕೊಂಡೇ ಓಡಿದ್ದು. ಸಿಟ್ಟು ಬಂದಿತ್ತು, ತುಂಬಾ. ಅದಕ್ಕೇ ಬಾಟಲಿಗೆ ಅಷ್ಟು ಜೋರಾಗಿ ಹೊಡೆದದ್ದು."

ಒಂದು ವರ್ಷದಿಂದ ಅವನಿಗೆ ಗೊತ್ತಿತ್ತು. ದಿನಾ ನನ್ನ ಪಕ್ಕದ ಬೆಂಚಲ್ಲೇ ಕೂರ್ತಿದ್ದ.

ಬಾಟಲಿಯ ತಗ್ಗು ಇನ್ನೂ ಹಾಗೇ ಇದೆ, ನಾಳೆ ಕ್ಲಾಸಲ್ಲಿ ನೋಡಿ. ಈ ದಸರಾಕ್ಕೂ ಊರಿಗೆ ಬರ್ತಾನಂತೆ. ಅಜ್ಜ ಈಗಲೇ ಅವನಿಗೊಂದು ಹಾಳೆ ಟೋಪಿ ಮಾಡಿಟ್ಟಿದ್ದಾರೆ, ಒಳಗೆ ಬೆಂಕಿಪೊಟ್ಟಣಕ್ಕೆ ಜಾಗ ಬಿಟ್ಟು. ನನಗೆ ಮಾಡಿಲ್ಲ.